ಪಾತಾಳಕ್ಕೆ ಇಳಿದ ಹುಡುಗ

ಲಷ್ಕರ್ ಎಂದರೆ ದಂಡು. ಮೈಸೂರಿನ ಲಷ್ಕರ್ ಮೊಹಲ್ಲಾದಲ್ಲಿ ಇಂದು ದಂಡು ಉಳಿದಿರುವುದು ಹೆಸರಿನಲ್ಲಿ ಮಾತ್ರ. ಅಶೋಕ ರಸ್ತೆಯ ಅಂಗಡಿ ಸಾಲು, ಬಸ್ ನಿಲ್ದಾಣದ ಕಡೆಗೆ ಧಾವಿಸುವ ಜನ, ಎಲ್ಲಕ್ಕೂ ಮೇಲೆ 175 ಅಡಿ ಎತ್ತರಕ್ಕೆ ನಿಂತ ಸೇಂಟ್ ಫಿಲೋಮಿನಾ ಚರ್ಚಿನ ಜೋಡಿ ಗೋಪುರಗಳು, ಇವಿಷ್ಟು ಹೊರಗಿನವರ ಕಣ್ಣಿಗೆ ಬೀಳತಕ್ಕವು. ಆದರೆ ಆ ಗೋಪುರಗಳು ಕಿಟಕಿಗೆ ಕಾಣುವಷ್ಟು ಹತ್ತಿರದ ಒಂದು ಮನೆಯ ಮಹಡಿಯ ಕೋಣೆಯಲ್ಲಿ ಪ್ರತಿ ರಾತ್ರಿಯೂ ಒಂದು ಯುದ್ಧ ನಡೆಯುತ್ತಿತ್ತು. ಯೋಧನು ಹದಿನೆಂಟು ವರ್ಷದ ಹುಡುಗ. ಆಯುಧವೆಂದರೆ ಅಂಗೈಯಗಲದ ಒಂದು ‘ಮೌಸ್’. ರಣರಂಗ ಕಂಪ್ಯೂಟರಿನ ಪರದೆ.

ಹುಡುಗನ ಕಥೆಯಲ್ಲಿ ಹೊಸದೇನೂ ಇಲ್ಲ. ಅಂಥ ಹುಡುಗ ಬೀದಿಗೊಬ್ಬನಿದ್ದಾನೆ. ದ್ವಿತೀಯ ಪಿ.ಯು.ಸಿ. ಮುಗಿಯಿತು. ಸಿ.ಇ.ಟಿ.ಯಲ್ಲಿ ಬಂದ ಶ್ರೇಯಾಂಕ ಅವನು ಬಯಸಿದ ಕಾಲೇಜಿನ ಹೊಸ್ತಿಲಿನವರೆಗೂ ಅವನನ್ನು ಒಯ್ಯಲಿಲ್ಲ. ದುಡ್ಡು ಸುರಿದು ಸೀಟು ಕೊಳ್ಳುವ ಶಕ್ತಿ ಮನೆಗಿಲ್ಲ. ‘ಇನ್ನೊಂದು ವರ್ಷ ಓದಿ ಮತ್ತೆ ಬರೆಯಲಿ’ ಎಂದು ತೀರ್ಮಾನವಾಯಿತು. ಜೊತೆಯ ಹುಡುಗರೆಲ್ಲ ಪೆಟ್ಟಿಗೆ ಕಟ್ಟಿಕೊಂಡು ಬೆಂಗಳೂರಿಗೆ, ಮಂಗಳೂರಿಗೆ ಹೊರಟುಹೋದರು. ಇವನು ಉಳಿದ. ಬೆಳಗ್ಗೆ ಕೋಚಿಂಗ್ ತರಗತಿ, ಮಧ್ಯಾಹ್ನ ಪುಸ್ತಕ, ರಾತ್ರಿ ಊಟವಾದ ಮೇಲೆ ‘ಡಯಾಬ್ಲೊ’. ಮೊದಲು ಒಂದು ಗಂಟೆಯಿದ್ದ ಆಟ ಎರಡಾಯಿತು, ಮೂರಾಯಿತು; ಬರಬರುತ್ತ ಹಾಲಿನವನ ಗಾಡಿಯ ಸದ್ದು ಕೇಳಿದಾಗ ದೀಪವಾರಿಸುವಂತಾಯಿತು.

ತಾಯಿ ಒಂದು ರಾತ್ರಿ ಹಾಲಿನ ಲೋಟ ಹಿಡಿದು ಮಹಡಿ ಹತ್ತಿದರು. ಪರದೆಯ ಮೇಲೆ ಕಂಡ ದೃಶ್ಯ ಅವರಿಗೆ ಹಿಡಿಸಲಿಲ್ಲ. ಎತ್ತರವಾದ ಕಂಬಗಳು, ಕಮಾನುಗಳು, ಬಣ್ಣದ ಗಾಜಿನ ಕಿಟಕಿಗಳು. ಯಾವುದೋ ಚರ್ಚಿನಂಥ ಕಟ್ಟಡ. ಅದರ ಕೆಳಗೆ ನೆಲಮಾಳಿಗೆ, ಆ ನೆಲಮಾಳಿಗೆಯ ತುಂಬ ಅಸ್ಥಿಪಂಜರಗಳು, ನೆತ್ತರು. ಕೆಳಗಿಳಿದು ಬಂದವರೇ ಮಾವನವರ ಮುಂದೆ ನಿಂತರು.

“ಮಾವ, ನೀವಾದರೂ ಒಂದು ಮಾತು ಹೇಳಿ. ದೇವರ ಮನೆಯ ಕೆಳಗೆ ದೆವ್ವಗಳನ್ನು ಕೂರಿಸಿದ್ದಾರೆ. ಎದುರಿಗೇ ಫಿಲೋಮಿನಾ ಚರ್ಚು. ಆ ಕಡೆಯ ಮನೆಯವರು ನೋಡಿದರೆ ಏನೆಂದುಕೊಂಡಾರು?”

ತಾತ ನಿವೃತ್ತ ಉಪಾಧ್ಯಾಯರು. ಕನ್ನಡಕ ತೆಗೆದು ಒರೆಸಿಕೊಂಡು, “ಹೋಗಿ ನೋಡಿ ಬರುತ್ತೇನಮ್ಮ” ಎಂದಷ್ಟೇ ಹೇಳಿದರು.

ಮಹಡಿಯಲ್ಲಿ ಮೊಮ್ಮಗ ತಾತನಿಗೆ ಕುರ್ಚಿ ಎಳೆದು ಕೊಟ್ಟ. ಮುಖ ಮಾತ್ರ ಪರದೆಯ ಕಡೆಗೇ ಇತ್ತು. ತಾತ ಬೈಯಲಿಲ್ಲ. “ಇವನು ಯಾರೋ ಮರಿ, ಕೊಡಲಿ ಹಿಡಿದವನು?” ಎಂದರು. ಆ ಒಂದು ಪ್ರಶ್ನೆಗೆ ಹುಡುಗ ಅರ್ಧ ಗಂಟೆ ಉತ್ತರ ಹೇಳಿದ. ಮನೆಯಲ್ಲಿ ಅವನು ಅಷ್ಟು ಮಾತಾಡಿ ತಿಂಗಳುಗಳಾಗಿದ್ದವು.

ಅವನು ವಿವರಿಸಿದ್ದರ ಸಾರವಿಷ್ಟು. ಕೊಡಲಿ ಹಿಡಿದವನು ‘ಬಾರ್ಬೇರಿಯನ್’, ಬೆಟ್ಟದ ನಾಡಿನ ಕಾಡುವೀರ. ಆಟ ‘ಡಯಾಬ್ಲೊ’ ಮಾಲೆಯ ಎರಡನೆಯದು. 2000ದಲ್ಲಿ ಬಂದು, 2021ರಲ್ಲಿ ಹೊಸ ಚಿತ್ರಗಳೊಂದಿಗೆ ಮತ್ತೆ ಹೊರಟದ್ದು. ಆಡುವವನು ಮೊದಲು ಒಬ್ಬ ವೀರನನ್ನು ಆರಿಸಿಕೊಳ್ಳಬೇಕು. ಆ ವೀರ ಮೊದಲನೆಯ ಮಟ್ಟದಲ್ಲಿ ಹುಟ್ಟುತ್ತಾನೆ. ಕೈಯಲ್ಲೊಂದು ಕಳಪೆ ಆಯುಧ, ಮೈಮೇಲೆ ಕವಚವೂ ಇಲ್ಲ. ರಾಕ್ಷಸರನ್ನು ಕೊಂದ ಹಾಗೆಲ್ಲ ಅನುಭವ ಕೂಡುತ್ತದೆ, ಮಟ್ಟ ಏರುತ್ತದೆ. ಏರಿದಾಗಲೆಲ್ಲ ಐದು ಅಂಕಗಳು ಕೈಸೇರುತ್ತವೆ. ಅವನ್ನು ತೋಳ್ಬಲಕ್ಕೆ ಹಾಕುವುದೋ, ಚುರುಕಿಗೋ, ಪ್ರಾಣಶಕ್ತಿಗೋ, ಮಂತ್ರಶಕ್ತಿಗೋ ಎಂಬುದು ಆಡುವವನ ವಿವೇಕ. ಕಡೆಯ ಮಟ್ಟ 99. ಕೆಂಪು ಔಷಧಿ ಕುಡಿದರೆ ಗಾಯ ಮಾಯುತ್ತದೆ, ನೀಲಿ ಕುಡಿದರೆ ಮಂತ್ರಬಲ ಮರಳುತ್ತದೆ. ಸತ್ತ ರಾಕ್ಷಸರು ಚಿನ್ನವನ್ನೋ, ಕತ್ತಿ ಕವಚಗಳನ್ನೋ ಬಿಟ್ಟು ಬೀಳುತ್ತಾರೆ. ‘ರೂನ್’ ಎಂಬ ಅಕ್ಷರ ಕೆತ್ತಿದ ಕಲ್ಲುಗಳೂ ಉಂಟು. ಅವು 33 ಬಗೆ. ಆಯುಧದ ಕುಳಿಗಳಲ್ಲಿ ಅವನ್ನು ಸರಿಯಾದ ಅನುಕ್ರಮದಲ್ಲಿ ಕೂರಿಸಿದರೆ ಸಾಮಾನ್ಯ ಕತ್ತಿಗೆ ಅಸಾಮಾನ್ಯ ಶಕ್ತಿ ಬರುತ್ತದೆ. ಅನುಕ್ರಮ ತಪ್ಪಿದರೆ ಕಲ್ಲುಗಳು ದಂಡ.

“ಇದು ಬೀಜಾಕ್ಷರವಲ್ಲವೇನೋ!” ಎಂದು ತಾತ ಉದ್ಗರಿಸಿದರು. “ಯಂತ್ರದಲ್ಲಿ ಅಕ್ಷರ ಹಿಂದುಮುಂದಾದರೆ ಫಲವಿಲ್ಲ ಎನ್ನುತ್ತಿದ್ದರು ನಮ್ಮ ಅಜ್ಜ.”

ನೆಲದಡಿಗೆ ಇಳಿಯುವ ಕಥೆಯೂ ತಾತನಿಗೆ ಹೊಸದಾಗಿ ಕಾಣಲಿಲ್ಲ. ರಾಮ ಲಕ್ಷ್ಮಣರನ್ನು ಪಾತಾಳಕ್ಕೆ ಒಯ್ದ ಮೈರಾವಣನನ್ನು ಹುಡುಕಿ ಹನುಮಂತ ಇಳಿದುಹೋದ ಕಥೆಯನ್ನು ಅವರು ಚಿಕ್ಕಂದಿನಲ್ಲಿ ತೊಗಲು ಗೊಂಬೆಯಾಟದಲ್ಲಿ ನೋಡಿದ್ದರು. ಏಳು ಸಮುದ್ರದಾಚೆಯ ಗಿಳಿಯಲ್ಲಿ ಪ್ರಾಣವಿಟ್ಟುಕೊಂಡ ರಾಕ್ಷಸನ ಕಥೆ ಕೇಳದೆ ಬೆಳೆದ ಕನ್ನಡದ ಮಕ್ಕಳುಂಟೇ? ಚಾಮುಂಡಿ ಬೆಟ್ಟದ ಮೇಲೆ ಕತ್ತಿಯನ್ನೂ ಹಾವನ್ನೂ ಹಿಡಿದು ನಿಂತ ಮಹಿಷಾಸುರನನ್ನು ನೋಡಿ ಹೆದರಿ ತಾಯಿಯ ಸೆರಗು ಹಿಡಿಯದ ಮೈಸೂರಿನ ಮಗುವಾದರೂ ಯಾವುದು? ರಾಕ್ಷಸರಿಲ್ಲದೆ ವೀರರಿಲ್ಲ. ತಾತ ಕೆಳಗಿಳಿದು ಬಂದು ಸೊಸೆಗೆ, “ಅದು ಚರ್ಚಿನ ನಿಂದೆಯಲ್ಲಮ್ಮ. ಕೆಟ್ಟವರು ಹಿಡಿದುಕೊಂಡಿರುವ ಮಠವನ್ನು ನಮ್ಮ ಹುಡುಗ ಬಿಡಿಸುತ್ತಿದ್ದಾನೆ” ಎಂದರು. ಸೊಸೆಗೆ ಪೂರಾ ಸಮಾಧಾನವಾಗಲಿಲ್ಲ; ಮಾವನವರೂ ಆ ಪಕ್ಷ ಸೇರಿದರೇನೋ ಎಂಬ ಶಂಕೆಯೇ ಬಲವಾಯಿತು.

ಮರುರಾತ್ರಿ ತಾತ ತಾವಾಗಿಯೇ ಮಹಡಿ ಹತ್ತಿದರು. ಅಂದು ಅವರ ಕಣ್ಣಿಗೆ ಬಿದ್ದದ್ದು ಪರದೆಯ ಅಂಚಿನ ಒಂದು ಲೆಕ್ಕ. ವೀರನು ಬೀಸಿದ ಏಟು ಶತ್ರುವಿಗೆ ತಗಲುವ ಸಂಭವ ನೂರಕ್ಕೆ ಎಷ್ಟು ಎಂದು ಅಲ್ಲಿ ಬರೆದಿರುತ್ತದೆ. ಎಂಥ ಮಹಾಶೂರನಾದರೂ ಅದು 95ನ್ನು ಮೀರುವುದಿಲ್ಲ. ಎಂಥ ದುರ್ಬಲನಾದರೂ 5ಕ್ಕಿಂತ ಕೆಳಗಿಳಿಯುವುದಿಲ್ಲ. ಶೂರನೂ ಒಮ್ಮೊಮ್ಮೆ ತಪ್ಪಬೇಕು, ಹೇಡಿಗೂ ಒಮ್ಮೊಮ್ಮೆ ತಗಲಬೇಕು. ತಾತನಿಗೆ ಬಲು ಸಂತೋಷವಾಯಿತು.

“ಅಂದರೆ ಇದರೊಳಗೆ ಯಾರೋ ಕವಡೆ ಹಾಕುತ್ತಿದ್ದಾರೆ, ಅಲ್ಲವೇ?”

ಅವರ ಊಹೆ ನಿಜ. ಈ ಜಾತಿಯ ಆಟಗಳ ಮೂಲಪುರುಷ ಕಂಪ್ಯೂಟರಿನ ಆಟವೇ ಅಲ್ಲ. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನ್‌ಸನ್ ಎಂಬಿಬ್ಬರು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟವನ್ನು ಪ್ರಕಟಿಸಿದರು. ಆಟಿಕೆಯ ಸಿಪಾಯಿಗಳನ್ನು ಮೇಜಿನ ಮೇಲೆ ನಿಲ್ಲಿಸಿ ಆಡುತ್ತಿದ್ದ ಯುದ್ಧದಾಟದಿಂದ ಹುಟ್ಟಿದ್ದು ಅದು. ನಾಲ್ಕಾರು ಜನ ಮೇಜಿನ ಸುತ್ತ ಕುಳಿತು, ಒಬ್ಬೊಬ್ಬರೂ ಒಬ್ಬೊಬ್ಬ ವೀರನ ಪಾತ್ರ ವಹಿಸಿ, ಇಪ್ಪತ್ತು ಮುಖದ ದಾಳ ಉರುಳಿಸಿ, ಏಟು ತಗಲಿತೇ ಇಲ್ಲವೇ ಎಂದು ನಿಶ್ಚಯಿಸುತ್ತಿದ್ದರು. ದಾಳ ಹಾಕುವ, ಲೆಕ್ಕ ಇಡುವ ಕೆಲಸವನ್ನು ಮುಂದೆ ಯಂತ್ರ ವಹಿಸಿಕೊಂಡಿತು. 1980ರ ‘ರೋಗ್’ ಎಂಬ ಆಟದಲ್ಲಿ ಚಿತ್ರಗಳೇ ಇರಲಿಲ್ಲ. ಅಕ್ಷರಗಳೂ ಚಿಹ್ನೆಗಳೂ ಸೇರಿ ಗೋಡೆ, ಬಾಗಿಲು, ರಾಕ್ಷಸರಾಗಿದ್ದವು. ಆದರೆ ಅದರಲ್ಲೊಂದು ಚಮತ್ಕಾರವಿತ್ತು. ನೆಲಮಾಳಿಗೆಯ ನಕ್ಷೆಯನ್ನು ಯಂತ್ರವೇ ಪ್ರತಿ ಸಲವೂ ಹೊಸದಾಗಿ ರಚಿಸುತ್ತಿತ್ತು. ನಿನ್ನೆ ಬಲಕ್ಕಿದ್ದ ಮೆಟ್ಟಿಲು ಇಂದು ಎಡಕ್ಕೆ.

‘ಡಯಾಬ್ಲೊ’ ಈ ವಂಶದ ಕೂಸು. ಕ್ಯಾಲಿಫೋರ್ನಿಯದ ಡೇವಿಡ್ ಬ್ರೆವಿಕ್ ತಾನಿದ್ದ ಊರಿನ ಬಳಿಯ ಬೆಟ್ಟದ ಹೆಸರನ್ನೇ ಅದಕ್ಕಿಟ್ಟರು. ಸ್ಪ್ಯಾನಿಷ್ ಭಾಷೆಯಲ್ಲಿ ಆ ಪದಕ್ಕೆ ‘ಪಿಶಾಚಿ’ ಎಂದರ್ಥ. ಆರಂಭದಲ್ಲಿ ಅದು ಚದುರಂಗದಂತೆ ಸರದಿಯ ಆಟವಾಗಿತ್ತು. ನೀವು ಒಂದು ಹೆಜ್ಜೆ ಇಡಿ, ರಾಕ್ಷಸ ಒಂದು ಹೆಜ್ಜೆ ಇಡುತ್ತಾನೆ. ನೀವು ಯೋಚಿಸುತ್ತ ಕುಳಿತರೆ ಅವನೂ ಕಾಯುತ್ತಾನೆ. ‘ಸರದಿ ಬೇಡ, ಎಲ್ಲವೂ ಒಮ್ಮೆಲೇ ನಡೆಯಲಿ’ ಎಂದು ಜೊತೆಗಾರರು ಒತ್ತಾಯಿಸಿದರು. ಬ್ರೆವಿಕ್‌ಗೆ ಮನಸ್ಸಿರಲಿಲ್ಲ. ಕೊನೆಗೆ ಒಂದು ಶುಕ್ರವಾರದ ಮಧ್ಯಾಹ್ನ ಕುಳಿತು ಕೆಲವೇ ಗಂಟೆಗಳಲ್ಲಿ ಮಾರ್ಪಾಟು ಮಾಡಿ, ಪರೀಕ್ಷೆಗೆಂದು ಒಂದು ಅಸ್ಥಿಪಂಜರದ ಮೇಲೆ ಮೌಸ್ ಒತ್ತಿದರು. ವೀರ ನಡೆದುಹೋದ, ಕತ್ತಿ ಬೀಸಿದ, ಮೂಳೆಗಳು ಚೂರುಚೂರಾಗಿ ಚೆಲ್ಲಿದವು. ಸಾವಧಾನದ ಆಟವೊಂದು ಆವೇಶದ ಆಟವಾಯಿತು. 1996ರ ಕೊನೆಯಲ್ಲಿ ಅದು ಹೊರಬಂದಾಗ, ಹಾಳುಬಿದ್ದ ಒಂದು ದೊಡ್ಡ ಚರ್ಚಿನ ಅಡಿಯಲ್ಲಿ ಹದಿನಾರು ಅಂತಸ್ತುಗಳ ಪಾತಾಳವನ್ನು ಹೊತ್ತು ತಂದಿತು. ಇಂದು ಮನೆಮನೆಯ ಹುಡುಗರನ್ನು ರಾತ್ರಿ ಎಚ್ಚರವಾಗಿಟ್ಟಿರುವ ಅನೇಕ ಆಟಗಳ ಬೇರು ಆ ಶುಕ್ರವಾರದ ಮಧ್ಯಾಹ್ನದಲ್ಲಿದೆ.

ಇತ್ತ ಹುಡುಗನ ತಂದೆ ಸುಮ್ಮನಿರಲಿಲ್ಲ. ಬ್ಯಾಂಕಿನ ಉದ್ಯೋಗಸ್ಥರಾದ ಅವರು ಪತ್ರಿಕೆಯ ತುಣುಕೊಂದನ್ನು ಕತ್ತರಿಸಿ ತಂದು ಊಟದ ಮೇಜಿನ ಮೇಲೆ, ಎಲ್ಲರಿಗೂ ಕಾಣುವಂತೆ, ಉಪ್ಪಿನಕಾಯಿಯ ಜಾಡಿಯ ಕೆಳಗೆ ಇಟ್ಟರು. ಆಟದ ಗೀಳನ್ನು ವಿಶ್ವ ಆರೋಗ್ಯ ಸಂಸ್ಥೆ ರೋಗಗಳ ಪಟ್ಟಿಗೆ ಸೇರಿಸಿರುವುದರ ವರದಿ ಅದು. 2019ರಲ್ಲಿ ಅಂಗೀಕಾರವಾಗಿ 2022ರ ಜನವರಿಯಿಂದ ಜಾರಿಗೆ ಬಂದ ಪಟ್ಟಿಯಲ್ಲಿ ಅದಕ್ಕೊಂದು ಸ್ಥಾನವಿದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಂತೂ 2014ರಲ್ಲಿಯೇ ಇಂಥವರಿಗಾಗಿ ‘ಷಟ್ ಕ್ಲಿನಿಕ್’ ಎಂಬ ಚಿಕಿತ್ಸಾಲಯವನ್ನು ತೆರೆಯಿತು.

ತಾತ ಆ ತುಣುಕನ್ನು ಹಳೆಯ ಉಪಾಧ್ಯಾಯರ ಶ್ರದ್ಧೆಯಿಂದ ಎರಡು ಸಲ ಓದಿದರು. ಲಕ್ಷಣಗಳು ಮೂರು. ಆಟವನ್ನು ಎಂದು ಆರಂಭಿಸಬೇಕು, ಎಂದು ನಿಲ್ಲಿಸಬೇಕು ಎಂಬ ಹಿಡಿತ ತಪ್ಪುವುದು. ಉಳಿದೆಲ್ಲ ಕೆಲಸಗಳಿಗಿಂತ ಆಟವೇ ಮುಂದಾಗುವುದು. ಕೇಡಾಗುತ್ತಿದೆಯೆಂದು ತಿಳಿದೂ ಬಿಡಲಾಗದಿರುವುದು. ಇವು ಸಾಮಾನ್ಯವಾಗಿ ಒಂದು ವರ್ಷದ ಕಾಲ ಕಂಡುಬಂದರೆ ರೋಗವೆಂದು ಪರಿಗಣಿಸುತ್ತಾರೆ. ತಾತ ಸೊಸೆಯನ್ನು ವಿಚಾರಿಸಿದರು. ತರಗತಿಗೆ ಹೋಗುತ್ತಿದ್ದಾನೆಯೇ? ಹೋಗುತ್ತಿದ್ದಾನೆ. ಸ್ನಾನ, ಊಟ? ಆಗುತ್ತಿದೆ. ನಿದ್ರೆ? ಅದೇ ಇಲ್ಲ. ಸ್ನೇಹಿತರು? ಅವರು ಊರಿನಲ್ಲಿಲ್ಲ. ತಾತನಿಗೆ ಮೂರು ಲಕ್ಷಣಗಳಿಗಿಂತ ಈ ಕೊನೆಯ ಉತ್ತರವೇ ಹೆಚ್ಚು ಕೊರೆಯಿತು.

ಆಟ ತೀರ ನಿರಪಾಯವೆಂದು ಹೇಳುವಂತೆಯೂ ಇಲ್ಲ. ಅಮೆರಿಕದಲ್ಲಿ ಈ ಮಾಲೆಯ ಆಟಗಳ ಮೇಲೆ ‘ಹದಿನೇಳು ತುಂಬಿದವರಿಗೆ’ ಎಂಬ ಮುದ್ರೆ ಹಾಕಿಯೇ ಮಾರುತ್ತಾರೆ. ನೆತ್ತರಿನ ಚಿತ್ರಗಳನ್ನು ಬಾಗಿಲ ಸಂದಿಯಿಂದ ಇಣುಕುತ್ತಿದ್ದ ಹನ್ನೊಂದು ವರ್ಷದ ತಂಗಿಯನ್ನು ತಾಯಿ ಗದರಿಸಿ ಕಳಿಸಿದ್ದು ಸರಿಯಾಗಿಯೇ ಇತ್ತು. ಇನ್ನು ಆಟದ ಹೊಟ್ಟೆಯೊಳಗಿನ ಮರ್ಮ ಬೇರೆ. ಯಾವ ರಾಕ್ಷಸ ಯಾವ ವಸ್ತುವನ್ನು ಬಿಟ್ಟು ಸಾಯುವನೆಂದು ಯಾರಿಗೂ ಗೊತ್ತಿಲ್ಲ. ನೂರು ಸಲ ಹರಕು ಟೋಪಿ, ತುಕ್ಕು ಕತ್ತಿ. ನೂರೊಂದನೆಯ ಸಲ ಬಂಗಾರದ ಅಕ್ಷರದಲ್ಲಿ ಹೆಸರು ಬರೆದ ದಿವ್ಯಾಯುಧ. ಫರ್ಸ್ಟರ್ ಮತ್ತು ಸ್ಕಿನ್ನರ್ ಎಂಬ ಮನಶ್ಶಾಸ್ತ್ರಜ್ಞರು 1957ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಪಾರಿವಾಳಗಳ ಮೇಲಿನ ಪ್ರಯೋಗಗಳ ವಿವರವಿದೆ. ಎಷ್ಟು ಸಲ ಕುಕ್ಕಿದರೆ ಕಾಳು ಸಿಗುತ್ತದೆಂಬುದು ನಿಶ್ಚಿತವಾಗಿದ್ದರೆ, ಕಾಳು ತಿಂದ ಪಕ್ಷಿ ಸ್ವಲ್ಪ ಹೊತ್ತು ವಿರಮಿಸುತ್ತದೆ. ಯಾವ ಕುಕ್ಕಿಗೆ ಸಿಗುವುದೋ ಎಂಬುದು ಅನಿಶ್ಚಿತವಾಗಿದ್ದರೆ ಎಡೆಬಿಡದೆ ಕುಕ್ಕುತ್ತಲೇ ಇರುತ್ತದೆ. ರಾತ್ರಿ ಎರಡು ಗಂಟೆಗೆ ‘ಇನ್ನೊಬ್ಬ ರಾಕ್ಷಸ, ಆಮೇಲೆ ಮಲಗುತ್ತೇನೆ’ ಎನ್ನುವವನ ಸ್ಥಿತಿಯೂ ಅದೇ.

ಆ ಆಸೆಗೆ ಹಣ ಸೇರಿದರೆ ಏನಾಗುತ್ತದೆಂಬುದಕ್ಕೆ ಆಟದ ಒಡೆಯರೇ ಸಾಕ್ಷಿ. 2012ರಲ್ಲಿ ಬಂದ ಮೂರನೆಯ ‘ಡಯಾಬ್ಲೊ’ದಲ್ಲಿ ಆಟದ ಕತ್ತಿ ಕವಚಗಳನ್ನು ನಿಜವಾದ ಹಣಕ್ಕೆ ಹರಾಜು ಹಾಕುವ ಪೇಟೆಯೊಂದನ್ನು ತೆರೆದರು. ಜನ ರಾಕ್ಷಸರನ್ನು ಕೊಲ್ಲುವುದು ಬಿಟ್ಟು ಪೇಟೆಯ ಧಾರಣೆ ನೋಡತೊಡಗಿದರು. ಬೆವರಿಳಿಸಿ ಗಳಿಸುವ ಸಂತೋಷವೇ ಆಟದ ಜೀವಾಳ. ಪೇಟೆ ಅದನ್ನೇ ಕೊಲ್ಲುತ್ತಿದೆಯೆಂದು ಮನಗಂಡು 2014ರ ಮಾರ್ಚಿಯಲ್ಲಿ ಅದನ್ನು ಮುಚ್ಚಿದರು. ಪಗಡೆಯ ಹಾಸಿನ ಮೇಲೆ ಪಣ ಬಂದು ಕೂತಾಗ ಧರ್ಮರಾಯನ ಗತಿ ಏನಾಯಿತೆಂದು ಬಲ್ಲವರಿಗೆ ಇದರಲ್ಲಿ ಆಶ್ಚರ್ಯವಿಲ್ಲ. ಲಷ್ಕರ್ ಮೊಹಲ್ಲಾದ ಹುಡುಗ ಆಡುತ್ತಿದ್ದ ಎರಡನೆಯ ಆಟದಲ್ಲಿ ಅಂಥ ಪೇಟೆಯಿಲ್ಲ. ಅವನು ಕಳೆಯುತ್ತಿದ್ದುದು ಕಾಸಲ್ಲ, ರಾತ್ರಿಗಳನ್ನು.

ಒಂದು ಭಾನುವಾರ ತಂದೆ ತಾತನ ಎದುರಿಗೇ ಮಾತು ತೆಗೆದರು. “ಅಪ್ಪಾ, ನೀವು ಅವನ ಬೆನ್ನು ತಟ್ಟುತ್ತಿದ್ದೀರಿ. ಕೆಲಸವಿಲ್ಲದವರ ಹುಚ್ಚು ಇದು.”

“ಕೆಲಸವಿಲ್ಲದವರದ್ದೇ ಕಣಪ್ಪ. ಈ ಊರಿನಲ್ಲಿ ಅಂಥವರೊಬ್ಬರು ಹಿಂದೆಯೂ ಇದ್ದರು” ಎಂದರು ತಾತ.

ಅವರು ಹೇಳಿದ್ದು ಮುಮ್ಮಡಿ ಕೃಷ್ಣರಾಜ ಒಡೆಯರ ವಿಷಯ. 1799ರಲ್ಲಿ ಐದು ವರ್ಷದ ಬಾಲಕನಾಗಿ ಪಟ್ಟಕ್ಕೆ ಬಂದ ಅರಸರು. 1831ರಲ್ಲಿ ಬ್ರಿಟಿಷರು ರಾಜ್ಯದ ಆಡಳಿತವನ್ನು ಅವರಿಂದ ಕಿತ್ತುಕೊಂಡರು. ಸಿಂಹಾಸನ ಉಳಿಯಿತು, ಬಿರುದು ಉಳಿಯಿತು, ದಸರಾ ಉಳಿಯಿತು. ಆಳುವ ಕೆಲಸ ಮಾತ್ರ ಇಲ್ಲವಾಯಿತು. 1868ರಲ್ಲಿ ತೀರಿಕೊಳ್ಳುವವರೆಗೆ ಮೂವತ್ತೇಳು ವರ್ಷ ಆ ಸ್ಥಿತಿ. ವಿದ್ವಾಂಸರನ್ನೂ ಕವಿಗಳನ್ನೂ ಪೋಷಿಸಿದ್ದು ಒಂದು ಕಡೆ. ಇನ್ನೊಂದು ಕಡೆ ಆ ದೊರೆ ಮಣೆಯಾಟಗಳ ಒಂದು ಲೋಕವನ್ನೇ ಕಟ್ಟಿದರು. ಚದುರಂಗದ ಕುದುರೆ ಒಂದು ಮನೆಯನ್ನೂ ಎರಡನೆಯ ಸಲ ತುಳಿಯದೆ ಎಲ್ಲ ಮನೆಗಳನ್ನೂ ಸುತ್ತಿ ಬರುವ ಬಂಧಗಳನ್ನು ರಚಿಸಿದರು. ‘ಶ್ರೀತತ್ತ್ವನಿಧಿ’ಯ ಒಂಬತ್ತು ನಿಧಿಗಳಲ್ಲಿ ಕೊನೆಯದಾದ ‘ಕೌತುಕನಿಧಿ’ಯನ್ನು ಆಟಗಳಿಗೇ ಮೀಸಲಿಟ್ಟರು. ಅವರು ಕಲ್ಪಿಸಿದ ಗಂಜೀಫದ ಕಟ್ಟುಗಳಲ್ಲಿ 300ಕ್ಕೂ ಮಿಕ್ಕಿ ಎಲೆಗಳುಳ್ಳವುಂಟು. ಒಂದೊಂದು ಎಲೆಯಲ್ಲೂ ದೇವತೆಗಳ ಚಿತ್ರ. ಅವರೇ 1861ರಲ್ಲಿ ಕಟ್ಟಿಸಿದ ಜಗನ್ಮೋಹನ ಅರಮನೆಯ ರಂಗಮಹಲಿನ ಗೋಡೆಗಳ ಮೇಲೆ ಆ ಆಟಗಳ ಹಾಸುಗಳನ್ನು ಬಣ್ಣದಲ್ಲಿ ಬರೆಸಿದರು. ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನವು ‘ಕ್ರೀಡಾ ಕೌಶಲ್ಯ’ವೆಂಬ ಹೆಸರಿನಲ್ಲಿ ಮಣೆಯಾಟಗಳ ಪ್ರದರ್ಶನಗಳನ್ನು ಏರ್ಪಡಿಸಿದಾಗ, ಆ ಪರಂಪರೆಯ ಹಾಸುಗಳನ್ನೂ ಕಾಯಿಗಳನ್ನೂ ಹೊಸ ಪೀಳಿಗೆ ಬಾಗಿ ನೋಡಿದ್ದುಂಟು.

“ಈ ಮೊಹಲ್ಲಾದಲ್ಲಿ ಮೊದಲ ಚರ್ಚನ್ನು ಕಟ್ಟಿಸಿಕೊಟ್ಟವರೂ ಅವರೇ, 1843ರಲ್ಲಿ” ಎಂದರು ತಾತ, ಕಿಟಕಿಯಾಚೆ ಕೈ ತೋರಿಸುತ್ತ. “ಆ ಸ್ಥಳದಲ್ಲೇ ಈಗಿನ ಚರ್ಚಿಗೆ ನಾಲ್ವಡಿಯವರು 1933ರಲ್ಲಿ ಅಡಿಗಲ್ಲಿಟ್ಟದ್ದು. ರಾಜ್ಯ ಹೋದ ದೊರೆಗೆ ಮಣೆಯ ಮೇಲೆ ರಾಜ್ಯ ಸಿಕ್ಕಿತು. ಅಲ್ಲಿ ಅವರಿಟ್ಟ ಕಾಯಿಯನ್ನು ಕಮಿಷನರ್ ಬಂದು ಎತ್ತುವ ಹಾಗಿರಲಿಲ್ಲ.”

ತಂದೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ಅರಸರಿಗೆ ಸಿ.ಇ.ಟಿ. ಇರಲಿಲ್ಲ” ಎಂದು ಎದ್ದುಹೋದರು. ಅದೂ ಒಪ್ಪತಕ್ಕ ಮಾತೇ. ಜೀವನವೆಲ್ಲ ಕಂತು ಕಟ್ಟುತ್ತ ಬಂದ ತಂದೆಗೆ ಮಗನ ಒಂದು ವರ್ಷವೆಂದರೆ ಎಷ್ಟು ಬೆಲೆಯೆಂಬುದನ್ನು ತಾತ ಅರಿಯದವರಲ್ಲ.

ಮೇ ತಿಂಗಳ ಒಂದು ರಾತ್ರಿ ವ್ಯವಹಾರ ಬೇರೆಯೇ ತಿರುವು ಪಡೆಯಿತು. ಅದಕ್ಕೆ ಮುನ್ನ ಆಟದ ಒಂದು ನಿಯಮವನ್ನು ತಿಳಿಸಬೇಕು. ಸಾಧಾರಣವಾಗಿ ಇದರಲ್ಲಿ ವೀರ ಸತ್ತರೆ ಮತ್ತೆ ಬಿಡಾರದಲ್ಲಿ ಎದ್ದು ಬರುತ್ತಾನೆ. ತನ್ನ ಹೆಣದ ಮೇಲಿರುವ ಆಯುಧ ಕವಚಗಳನ್ನು ತಾನೇ ಹೋಗಿ ತಂದುಕೊಳ್ಳಬೇಕು, ಅಷ್ಟೆ. ಆದರೆ ‘ಹಾರ್ಡ್‌ಕೋರ್’ ಎಂಬ ಇನ್ನೊಂದು ಪದ್ಧತಿಯಿದೆ. ಅದರಲ್ಲಿ ಸಾವು ಸಾವೇ. ಎಷ್ಟೇ ತಿಂಗಳು ಸಾಕಿದ ವೀರನಾದರೂ ಒಮ್ಮೆ ಬಿದ್ದರೆ ಮುಗಿಯಿತು. ಪಟ್ಟಿಯಲ್ಲಿ ಅವನ ಛಾಯೆ ಉಳಿಯುತ್ತದೆಯೇ ಹೊರತು ಅವನನ್ನು ಮತ್ತೆ ಆಡಿಸಲಾಗದು. ಹುಡುಗನ ಬಾರ್ಬೇರಿಯನ್ ಅಂಥವನು. ನಾಲ್ಕು ತಿಂಗಳಲ್ಲಿ 84ನೆಯ ಮಟ್ಟಕ್ಕೆ ಏರಿದ್ದ. ಆಟವೂ ಅಂತರ್ಜಾಲದ ಮೂಲಕ ನಡೆಯುತ್ತಿತ್ತು. ಮನೆಯ ಸಂಪರ್ಕ ಕಡಿದರೂ ದೂರದ ಯಂತ್ರದಲ್ಲಿ ವೀರನು ಕೆಲವು ಕ್ಷಣ ನಿಂತೇ ಇರುತ್ತಾನೆ, ಕೈಕಟ್ಟಿದವನಂತೆ.

ಆ ರಾತ್ರಿ ಗುಡುಗು ಮಳೆ. ಹುಡುಗ ಹಿಂದೆಂದೂ ಕಾಲಿಡದ ಒಂದು ಗವಿಯಲ್ಲಿ ರಾಕ್ಷಸರ ನಡುವೆ ಸಿಕ್ಕಿದ್ದ. ತಾತ ಪಕ್ಕದಲ್ಲಿ ಉಸಿರು ಬಿಗಿಹಿಡಿದು ಕುಳಿತಿದ್ದರು. ಆಗ ದೀಪ ಹೋಯಿತು. ಮೊಹಲ್ಲಾವೆಲ್ಲ ಕತ್ತಲೆ. ಕಂಪ್ಯೂಟರಿಗೆ ಆಸರೆಯಾಗಿದ್ದ ಯು.ಪಿ.ಎಸ್. ಪೆಟ್ಟಿಗೆಯ ಬ್ಯಾಟರಿ ಸತ್ತು ತಿಂಗಳಾಗಿತ್ತು. ಹೊಸದು ಬೇಕೆಂದು ಹುಡುಗ ಕೇಳಿದ್ದ. ‘ಆಟಕ್ಕೆ ಬ್ಯಾಟರಿ ಬೇಡ’ ಎಂದು ತಂದೆ ನಿರಾಕರಿಸಿದ್ದರು.

ಮುಕ್ಕಾಲು ಗಂಟೆಯ ಮೇಲೆ ದೀಪ ಬಂತು. ಪಟ್ಟಿಯಲ್ಲಿ ಬಾರ್ಬೇರಿಯನ್ನನ ಛಾಯೆ ಮಾತ್ರ ಇತ್ತು.

ಹುಡುಗನ ಬಿಕ್ಕಳಿಕೆ ಕೇಳಿ ತಾಯಿ ಓಡಿಬಂದು, “ಯಾರು, ಯಾರು ಹೋದರು?” ಎಂದು ಗಾಬರಿಯಿಂದ ಕೇಳಿದರು. ವಿಷಯ ತಿಳಿದ ಮೇಲೆ ಅವರಿಗೆ ನಗಬೇಕೋ ಅಳಬೇಕೋ ತಿಳಿಯದಾಯಿತು. ತಂದೆ ಬಾಗಿಲಲ್ಲಿ ಬಂದು ನಿಂತರು. ಹುಡುಗ ಯಾರನ್ನೂ ದೂರಲಿಲ್ಲ. ಬ್ಯಾಟರಿಯ ಮಾತೂ ಎತ್ತಲಿಲ್ಲ. ತಾತನ ಕಡೆಗೆ ತಿರುಗಿ, “ಈ ವರ್ಷ ನಾನು ಸರಿಯಾಗಿ ಮಾಡಿದ್ದು ಅದೊಂದೇ ತಾತ” ಎಂದ.

ಆ ಮಾತು ಬಾಗಿಲಿನವರೆಗೂ ಕೇಳಿಸಿತು.

ಬೆಳಗಾಗುವವರೆಗೆ ಓದಿದ ಪಾಠ ಪರೀಕ್ಷೆಯ ಮೂರು ಗಂಟೆಯಲ್ಲಿ ಕೈಕೊಟ್ಟೀತು. ಶ್ರೇಯಾಂಕವೆಂಬುದು ತನ್ನ ಶ್ರಮದ ಜೊತೆಗೆ ಲಕ್ಷಾಂತರ ಇತರರ ಶ್ರಮವನ್ನೂ ತೂಗಿ ಬರುವ ಲೆಕ್ಕ. ಪಾತಾಳದಲ್ಲಿ ಹಾಗಲ್ಲ. ಅಲ್ಲಿ ಕೊಂದ ಪ್ರತಿಯೊಬ್ಬ ರಾಕ್ಷಸನೂ ಲೆಕ್ಕಕ್ಕೆ ಬರುತ್ತಾನೆ, ಪಟ್ಟ ಪ್ರತಿಯೊಂದು ಶ್ರಮಕ್ಕೂ ಪರದೆಯ ಕೆಳಗಿನ ಪಟ್ಟಿ ಒಂದು ಕೂದಲೆಳೆಯಷ್ಟಾದರೂ ಮುಂದೆ ಸರಿಯುತ್ತದೆ. ಸೋತ ಹುಡುಗನೊಬ್ಬ ಆ ಪಟ್ಟಿಯನ್ನೇ ನೋಡುತ್ತ ರಾತ್ರಿ ಕಳೆದನೆಂದರೆ ಅವನನ್ನು ಸೋಮಾರಿ ಎನ್ನುವುದು ಹೇಗೆ?

ತಾತ ಸಮಾಧಾನದ ಮಾತೊಂದನ್ನೂ ಆಡಲಿಲ್ಲ. ಕೆಳಗಿಳಿದು ಹೋಗಿ, ದೇವರ ಗೂಡಿನ ಪಕ್ಕದ ಡಬ್ಬಿಯಿಂದ ನಾಲ್ಕು ಕವಡೆ, ಹಿಡಿಯಷ್ಟು ಹುಣಸೆ ಬೀಜ, ಬಳೆ ಚೂರು, ಒಂದು ತುಂಡು ಸೀಮೆಸುಣ್ಣ ತಂದರು. ಮಹಡಿಯ ಕೆಂಪು ಗಾರೆಯ ಮೇಲೆ ಐದಕ್ಕೆ ಐದು ಮನೆಗಳ ಚೌಕಾಬಾರ ಬರೆದರು. ರಾತ್ರಿ ಹನ್ನೊಂದೂವರೆಗೆ ತಾತ ಮೊಮ್ಮಗ ಎದುರುಬದುರಾಗಿ ಕುಳಿತರು. ಕವಡೆ ನಾಲ್ಕೂ ಬಾಯಿ ಮೇಲಾದರೆ ಚೌಕ, ನಾಲ್ಕೂ ಬೋರಲಾದರೆ ಬಾರಾ. ಎರಡಕ್ಕೂ ಇನ್ನೊಂದು ಸಲ ಹಾಕುವ ಹಕ್ಕು. ಎದುರಾಳಿಯ ಒಂದು ಕಾಯಿಯನ್ನಾದರೂ ಹೊಡೆಯದೆ ಒಳಸುತ್ತಿಗೆ ಪ್ರವೇಶವಿಲ್ಲ. ತಾತ ಮೂರನೆಯ ಸುತ್ತಿನಲ್ಲಿಯೇ ಮೊಮ್ಮಗನ ಕಾಯಿಯೊಂದನ್ನು ನಿರ್ದಯವಾಗಿ ಹೊಡೆದು ಹೊರಗಿಟ್ಟರು.

“ಇದು ಸತ್ತಿತೇ?” ಎಂದ ಹುಡುಗ.

“ಸಾಯುವುದೆಲ್ಲಿ ಬಂತು? ಮನೆಗೆ ಹೋಯಿತು. ಮತ್ತೆ ಮೊದಲಿನಿಂದ ಹೊರಡಬೇಕು. ಬೇಜಾರು ಅದೇ” ಎಂದರು ತಾತ, ಕವಡೆಗಳನ್ನು ಕೈಯಲ್ಲಿ ಕುಲುಕುತ್ತ.

ಆಟ ಮುಗಿದಾಗ ಒಂದು ಗಂಟೆ. ಗೆದ್ದವರು ತಾತ. ಹುಡುಗ 84ನೆಯ ಮಟ್ಟದ ತನ್ನ ವೀರನನ್ನು ಮರೆತನೆಂದಲ್ಲ; ಆದರೆ ಬಹಳ ದಿನಗಳ ಮೇಲೆ ಹಾಲಿನವನಿಗಿಂತ ಮೊದಲು ನಿದ್ದೆ ಹೋದ.

ಮುಂದಿನ ಶನಿವಾರ ತಂದೆ ಬ್ಯಾಂಕಿನಿಂದ ಬರುವಾಗ ಕಂಕುಳಲ್ಲಿ ಭಾರವಾದ ಒಂದು ಪೆಟ್ಟಿಗೆಯಿತ್ತು. ಹೊಸ ಬ್ಯಾಟರಿ. “ಆನ್‌ಲೈನ್ ತರಗತಿಗೆ ಬೇಕಾಗುತ್ತದೆ” ಎಂದು ಯಾರೂ ಕೇಳದಿದ್ದರೂ ಹೇಳಿ, ಷರಟಿನ ತೋಳು ಮಡಿಸಿ, ತಾವೇ ಮಹಡಿ ಹತ್ತಿ ತಂತಿಗಳನ್ನು ಜೋಡಿಸಿದರು. ಕೆಲಸ ಮುಗಿದ ಮೇಲೂ ಐದು ನಿಮಿಷ ಅಲ್ಲೇ ನಿಂತು, “ಆ ಸತ್ತವನ ಹೆಸರೇನಿತ್ತೋ?” ಎಂದು ಕೇಳಿದರು. ಹುಡುಗ ಸ್ವಲ್ಪ ತಡೆದು ಹೇಳಿದ. ತಂದೆಯದೇ ಹೆಸರು ಅದು, ಹಿಂದುಮುಂದಾಗಿ ಬರೆದದ್ದು.

ಬ್ಯಾಟರಿಯ ಜೊತೆಗೆ ಒಂದು ಕರಾರೂ ಆಯಿತೆಂಬುದನ್ನು ಮುಚ್ಚಿಡಬೇಕಾಗಿಲ್ಲ. ರಾತ್ರಿ ಹತ್ತೂವರೆಗೆ ಯಂತ್ರ ನಿಲ್ಲಬೇಕು. ವೀರ ಯಾವ ಗವಿಯಲ್ಲಿದ್ದರೂ ಸರಿ, ಹತ್ತು ನಿಮಿಷ ಮೊದಲೇ ಬಿಡಾರಕ್ಕೆ ಬಂದಿರಬೇಕು. ಹುಡುಗ ಹೊಸ ವೀರನನ್ನು ಆರಂಭಿಸಿದ್ದಾನೆ, ಹಾರ್ಡ್‌ಕೋರ್ ಅಲ್ಲದ ಪದ್ಧತಿಯಲ್ಲಿ. ಕರಾರನ್ನು ಅವನು ಮುರಿದದ್ದು ಇದುವರೆಗೆ ಎರಡು ಸಲ. ಉಳಿದ ಸಂಜೆಗಳಲ್ಲಿ ಏಳರಿಂದ ಒಂಬತ್ತರವರೆಗೆ ಭೌತಶಾಸ್ತ್ರ. ಆ ಹೊತ್ತಿನಲ್ಲಿ ಕಂಪ್ಯೂಟರು ಖಾಲಿ.

ಖಾಲಿ ಎಂದರೆ ಪೂರ್ತಿ ಖಾಲಿಯಲ್ಲ. ಮೊನ್ನೆ ತಾಯಿ ಮಹಡಿ ಹತ್ತಿ ನೋಡಿದಾಗ ಹುಡುಗ ಮಂಚದ ಮೇಲೆ ಪುಸ್ತಕ ಹರಡಿಕೊಂಡು ಲೆಕ್ಕ ಮಾಡುತ್ತಿದ್ದ. ಕುರ್ಚಿಯಲ್ಲಿ ತಾತ. ಕನ್ನಡಕ ಮೂಗಿನ ತುದಿಗೆ ಜಾರಿತ್ತು, ಮೌಸನ್ನು ಎರಡು ಕೈಯಲ್ಲಿ ಹಿಡಿದಿದ್ದರು. ಪರದೆಯ ಮೇಲೆ ಮೊದಲನೆಯ ಮಟ್ಟದ ಮಾಂತ್ರಿಕಳೊಬ್ಬಳನ್ನು ಕೆಂಪು ಮೈಯ ಕುಳ್ಳ ಪಿಶಾಚಿಗಳು ಸುತ್ತುಗಟ್ಟಿದ್ದವು.

“ಮಾವ, ಊಟಕ್ಕೆ ಏಳಿ. ಸಾರು ಆರಿಹೋಗುತ್ತಿದೆ.”

“ಬಂದೆನಮ್ಮ, ಇದೊಂದು ಕುಳ್ಳನನ್ನು ಮುಗಿಸಿ ಬಂದೆ.”

“ತಾತ, ನೀಲಿ ಸೀಸೆ! ನೀಲಿ ಸೀಸೆ ಕುಡಿಸಿ!” ಎಂದು ಹುಡುಗ ಪುಸ್ತಕದಿಂದ ತಲೆಯೆತ್ತದೆಯೇ ಕೂಗಿದ. ತಾತ ಕೆಂಪು ಸೀಸೆ ಕುಡಿಸಿದರು. ಮಾಂತ್ರಿಕಳು ಅಲ್ಲಿಯೇ ಬಿದ್ದಳು.

“ಇನ್ನೊಂದೇ ಒಂದು ಸಲ” ಎಂದರು ತಾತ.